ವಿರುಂಗಾ: ನದಿಗಳ ದಾರಿಯನ್ನೇ ಬದಲಿಸಿದ ಜ್ವಾಲಾಮುಖಿಗಳ ಸಾಲು

[ದೃಶ್ಯ: ಮಧ್ಯ ಆಫ್ರಿಕಾದ ನಕ್ಷೆ. ಕಿವು ಸರೋವರದ ಉತ್ತರಕ್ಕೆ ಎಂಟು ಗುರುತುಗಳು]

ನಮಸ್ಕಾರ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ರುವಾಂಡಾ ಮತ್ತು ಉಗಾಂಡಾ ದೇಶಗಳ ಗಡಿಗಳು ಕೂಡುವಲ್ಲಿ, ಸುಮಾರು 80 ಕಿ.ಮೀ. ಉದ್ದಕ್ಕೆ ಎಂಟು ದೊಡ್ಡ ಜ್ವಾಲಾಮುಖಿಗಳು ಸಾಲಾಗಿ ನಿಂತಿವೆ. ಇದೇ ವಿರುಂಗಾ ಪರ್ವತಶ್ರೇಣಿ. ಆಫ್ರಿಕಾ ಖಂಡ ಇಲ್ಲಿ ನಿಧಾನವಾಗಿ ಎರಡಾಗಿ ಸೀಳುತ್ತಿದೆ. ಭೂಮಿಯ ಹೊರಪದರ ತೆಳುವಾದಂತೆ ಅಡಿಯಲ್ಲಿರುವ ಬಿಸಿ ಶಿಲೆಯ ಮೇಲಿನ ಒತ್ತಡ ಇಳಿದು, ಅದು ಕರಗಿ ಮೇಲಕ್ಕೆ ಬರುತ್ತದೆ.

ಸೀಳು ಕಣಿವೆಯು ಉತ್ತರ-ದಕ್ಷಿಣವಾಗಿ ಸಾಗಿದರೆ, ಈ ಪರ್ವತಗಳು ಅದಕ್ಕೆ ಅಡ್ಡಲಾಗಿ ಎದ್ದಿವೆ. ಶ್ರೇಣಿಯ ಅತಿ ದೊಡ್ಡ ಕೆಲಸ ಇದೇ ಎನ್ನಬೇಕು. ಹಿಂದೆ ಇಲ್ಲಿನ ನದಿಗಳು ಉತ್ತರಕ್ಕೆ ಹರಿದು ಎಡ್ವರ್ಡ್ ಸರೋವರದ ಮೂಲಕ ನೈಲ್ ನದಿಯತ್ತ ಸಾಗುತ್ತಿದ್ದವು. ಲಾವಾ ಕಟ್ಟಿದ ಅಣೆಕಟ್ಟು ಆ ದಾರಿಯನ್ನು ಮುಚ್ಚಿತು. ನೀರು ನಿಂತು ಕಿವು ಸರೋವರವಾಗಿ ಏರಿತು. ಕೊನೆಗೆ ದಕ್ಷಿಣದ ರುಝಿಝಿ ನದಿಯಾಗಿ ಹೊರಬಿದ್ದು ಟಾಂಗನ್ಯೀಕಾ ಸರೋವರವನ್ನು ಸೇರಿತು. ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಬೇಕಿದ್ದ ನೀರು ಇಂದು ಕಾಂಗೋ ನದಿಯ ಮೂಲಕ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತಿದೆ.

[ದೃಶ್ಯ: ನಿರಾಗೊಂಗೊ ಶಿಖರದ ಕುಳಿ, ರಾತ್ರಿಯ ಕೆಂಪು ಬೆಳಕು]

ಎಂಟರಲ್ಲಿ ಪಶ್ಚಿಮ ತುದಿಯ ನ್ಯಾಮುರಾಗಿರ ಮತ್ತು ನಿರಾಗೊಂಗೊ ಇಂದಿಗೂ ಉರಿಯುತ್ತಿವೆ. ನಿರಾಗೊಂಗೊದ ಲಾವಾದಲ್ಲಿ ಸಿಲಿಕಾ ಬಹಳ ಕಡಿಮೆ ಇರುವುದರಿಂದ, ಅದು ಇನ್ನೂ ಎಳೆ ಬಾರದ ಬೆಲ್ಲದ ಪಾಕದಂತೆ ತೆಳ್ಳಗೆ ಹರಿಯುತ್ತದೆ. 1977ರ ಜನವರಿ 10ರಂದು ಪರ್ವತದ ಪಕ್ಕೆಗಳು ಬಿರಿದು, ಕುಳಿಯಲ್ಲಿದ್ದ ಲಾವಾ ಸರೋವರವು ಒಂದು ಗಂಟೆಯೊಳಗೆ ಬರಿದಾಯಿತು. ಕಡಿದಾದ ಇಳಿಜಾರಿನಲ್ಲಿ ಲಾವಾ ಗಂಟೆಗೆ 60 ಕಿ.ಮೀ.ವರೆಗಿನ ವೇಗದಲ್ಲಿ ನುಗ್ಗಿ ಹಳ್ಳಿಗಳ ಮೇಲೆ ಬಿತ್ತು. 2002ರ ಜನವರಿಯಲ್ಲಿ ಅದು ಗೋಮಾ ನಗರವನ್ನು ಸೀಳಿಕೊಂಡು ಕಿವು ಸರೋವರವನ್ನೇ ಮುಟ್ಟಿತು. 2021ರ ಮೇ 22ರ ರಾತ್ರಿ ಮತ್ತೆ ಹರಿದಾಗ ನಗರದ ಅಂಚಿನಲ್ಲಿ ನಿಂತಿತು; ಆದರೂ ಲಕ್ಷಾಂತರ ಜನರು ಮನೆ ಬಿಟ್ಟು ಹೊರಡಬೇಕಾಯಿತು.

ಕಣ್ಣಿಗೆ ಕಾಣದ ಅಪಾಯವೂ ಇದೆ. ಗೋಮಾ ಸುತ್ತಲಿನ ತಗ್ಗುಗಳಲ್ಲಿ ನೆಲದಿಂದ ಒಸರುವ ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಭಾರವಾದ್ದರಿಂದ, ಅಲ್ಲೇ ತುಂಬಿಕೊಳ್ಳುತ್ತದೆ. ಗಾಳಿಯಾಡದ ರಾತ್ರಿ ಮತ್ತು ಮುಂಜಾವಿನಲ್ಲಿ ಅದು ಹೆಚ್ಚು ದಟ್ಟವಾಗಿರುತ್ತದೆ. ಸ್ಥಳೀಯರು ಮಝುಕು ಎಂದು ಕರೆಯುವ ಈ ತಗ್ಗುಗಳಿಗೆ ಇಳಿದ ಮೇಕೆ, ನಾಯಿಗಳು ಉಸಿರುಗಟ್ಟಿ ಸಾಯುತ್ತವೆ. ನೆಲದ ಮಟ್ಟಕ್ಕೆ ಹತ್ತಿರವಾಗಿ ಉಸಿರಾಡುವ ಚಿಕ್ಕ ಮಕ್ಕಳಿಗೆ ಅಪಾಯ ದೊಡ್ಡವರಿಗಿಂತ ಹೆಚ್ಚು. ಕಿವು ಸರೋವರದ ಆಳದಲ್ಲಿಯೂ ಇದೇ ಅನಿಲ ಮೀಥೇನಿನೊಂದಿಗೆ ಅಪಾರ ಪ್ರಮಾಣದಲ್ಲಿ ಕರಗಿದೆ. ರುವಾಂಡಾ ಆ ಮೀಥೇನನ್ನು ಮೇಲೆತ್ತಿ ವಿದ್ಯುತ್ ಉತ್ಪಾದಿಸುತ್ತಿದೆ.

[ದೃಶ್ಯ: ಕಪ್ಪು ಲಾವಾ ಬಯಲು, ಅದರ ಮೇಲೆ ಬೂದು ಬಣ್ಣದ ಕಲ್ಲುಹೂವು]

ತಣಿದ ಲಾವಾದ ಮೇಲೆ ಜೀವ ಹೇಗೆ ಹತ್ತುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲು ಬರುವುದು ಕಲ್ಲುಹೂವು. ಕಪ್ಪು ಬಂಡೆಯನ್ನು ಅದು ಬೂದಿಬಣ್ಣಕ್ಕೆ ತಿರುಗಿಸುತ್ತದೆ. ಬಿರುಕುಗಳಲ್ಲಿ ಒಂದಿಷ್ಟು ಮಣ್ಣು ಕೂಡಿದ ಮೇಲೆ ಜರೀಗಿಡಗಳು, ಆಮೇಲೆ ಪೊದೆಗಳು ಬೇರೂರುತ್ತವೆ. ಪೂರ್ವದ ಹಳೆಯ ಪರ್ವತಗಳಲ್ಲಿ ಈ ಕೆಲಸ ಎಂದೋ ಮುಗಿದಿದೆ. ಅಲ್ಲಿ ಕೆಳಗೆ ಬಿದಿರು, ಅದರ ಮೇಲೆ ಪಾಚಿ ಜೋತುಬಿದ್ದ ಹಗೇನಿಯಾ ಮರಗಳು, ಇನ್ನೂ ಮೇಲೆ ಆಳೆತ್ತರಕ್ಕೂ ಮೀರಿದ ಲೊಬೀಲಿಯಾ ಮತ್ತು ಸೆನೆಸಿಯೊ ಗಿಡಗಳು. ಸೆನೆಸಿಯೊ ತನ್ನ ಒಣಗಿದ ಎಲೆಗಳನ್ನು ಉದುರಿಸದೆ ಕಾಂಡದ ಸುತ್ತ ಉಳಿಸಿಕೊಂಡು ರಾತ್ರಿಯ ಕೊರೆಯುವ ಚಳಿಯಿಂದ ಪಾರಾಗುತ್ತದೆ. ಶ್ರೇಣಿಯ ಅತಿ ಎತ್ತರದ ಶಿಖರ 4,507 ಮೀಟರಿನ ಕರಿಸಿಂಬಿ. ಬಿಸೋಕೆಯ ತುದಿಯ ಕುಳಿಯಲ್ಲಿ ಈಗ ಇರುವುದು ಬೆಂಕಿಯಲ್ಲ, ನೀರು.

ಪರ್ವತ ಗೊರಿಲ್ಲಾಗಳು ವಾಸಿಸುವುದು ಈ ಕಾಡಿನಲ್ಲಿ. ಬಿದಿರಿನ ಕಳಲೆ ಚಿಗುರುವ ಕಾಲಕ್ಕೆ ಅವು ಕೆಳಗಿನ ಪಟ್ಟಿಗೆ ಇಳಿಯುತ್ತವೆ. ಉಳಿದ ಕಾಲದಲ್ಲಿ ಕಾಡು ಸೆಲರಿ, ತುರಿಕೆ ಸೊಪ್ಪುಗಳನ್ನು ತಿನ್ನುತ್ತವೆ. 2015-16ರ ಗಣತಿಯಲ್ಲಿ ವಿರುಂಗಾ ಪ್ರದೇಶದಲ್ಲಿ 604 ಗೊರಿಲ್ಲಾಗಳು ಕಂಡುಬಂದವು. ಇವುಗಳ ಇನ್ನೊಂದೇ ನೆಲೆ ಉತ್ತರಕ್ಕಿರುವ ಬ್ವಿಂಡಿ ಕಾಡು. ಆದರೆ ಜ್ವಾಲಾಮುಖಿ ಕೊಟ್ಟ ಫಲವತ್ತಾದ ಮಣ್ಣಿನಲ್ಲಿ ರೈತರು ಆಲೂಗಡ್ಡೆ, ಹುರುಳಿಕಾಯಿ ಬೆಳೆಯುತ್ತಿದ್ದು, ಹೊಲಗಳು ರಾಷ್ಟ್ರೀಯ ಉದ್ಯಾನದ ಗಡಿಯವರೆಗೂ ಬಂದಿವೆ. ಹೀಗಾಗಿ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ಗೊರಿಲ್ಲಾಗಳಿಗೆ ದಾರಿ ಉಳಿದಿಲ್ಲ.