ಗುಣಿಸಿದಾಗ ಐ ಎಲ್ಲಿ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಮಳೆಗೆ ರಜೆ ಕೊಟ್ಟರೆ ಪಿಯುಸಿ ಮಕ್ಕಳಿಗೆ ಪಾಠ ನಿಲ್ಲುತ್ತದೆ. ಕರೆಂಟ್ ಹೋದರೆ ಮೊಬೈಲೂ ಇಲ್ಲ. ರೇಡಿಯೋ ಇದೆಯಲ್ಲ, ಪೆನ್ಸಿಲ್ ಮತ್ತು ಒಂದು ಹಾಳೆ ತನ್ನಿ. ಲೆಕ್ಕವನ್ನು ಸುಮ್ನೆ ಕೇಳಿದರೆ ಸಾಲದು, ಜೊತೆಗೇ ಬರೆಯಬೇಕು.

ಐ ಅಂದರೆ ಮೈನಸ್ 1ರ ವರ್ಗಮೂಲಕ್ಕೆ ಗಣಿತದಲ್ಲಿ ಇಟ್ಟ ಹೆಸರು. ಹಾಗಾಗಿ ಐ ಸ್ಕ್ವೇರ್ ಅಂದರೆ ಮೈನಸ್ 1. ಇವತ್ತಿಗೆ ಇಷ್ಟು ನೆನಪಿದ್ದರೆ ಸಾಕು.

ಒಂದು ಬಹುಪದೋಕ್ತಿಯ ಮೂಲಗಳು, ಅಂದರೆ ಅದನ್ನು ಸೊನ್ನೆ ಮಾಡುವ ಎಕ್ಸ್‌ನ ಬೆಲೆಗಳು, 2 ಪ್ಲಸ್ 3 ಐ ಮತ್ತು 2 ಮೈನಸ್ 3 ಐ. ಅಪವರ್ತನ ಬರೆಯೋಣ. ಮೊದಲ ಬ್ರಾಕೆಟ್: ಎಕ್ಸ್ ಮೈನಸ್ 2 ಮೈನಸ್ 3 ಐ. ಎರಡನೆಯದು: ಎಕ್ಸ್ ಮೈನಸ್ 2 ಪ್ಲಸ್ 3 ಐ. ಮೂಲವನ್ನು ಎಕ್ಸ್‌ನಿಂದ ಕಳೆಯುವಾಗ ಅದರೊಳಗಿನ ಎರಡೂ ಚಿಹ್ನೆ ತಿರುಗುತ್ತವೆ. ಇಲ್ಲಿ ಆತುರ ಬೇಡ.

ಈಗ ಒಂದೊಂದೇ ಪದ ಹಿಡಿದು ಗುಣಿಸಿದರೆ 9 ಪದ ಬರುತ್ತವೆ. ತಪ್ಪೇನಲ್ಲ. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಚಿಹ್ನೆ ಜಾರಿದರೆ ಲೆಕ್ಕವೇ ಕೆಟ್ಟಿತು. ಅದಕ್ಕೇ ನಾನು ಹೇಳುವುದು, ಎಕ್ಸ್ ಮೈನಸ್ 2 ಅನ್ನು ಒಂದೇ ಗಂಟಾಗಿ ನೋಡಿ. ಒಂದು ಕಡೆ ಆ ಗಂಟು ಮೈನಸ್ 3 ಐ, ಇನ್ನೊಂದು ಕಡೆ ಅದೇ ಗಂಟು ಪ್ಲಸ್ 3 ಐ. ಎ ಮೈನಸ್ ಬಿ, ಎ ಪ್ಲಸ್ ಬಿ, ಹೈಸ್ಕೂಲಿನಲ್ಲೇ ಕಲಿತದ್ದು ಅಲ್ವಾ? ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್. 3 ಐ ಅನ್ನು ವರ್ಗ ಮಾಡಿದರೆ ಮೈನಸ್ 9. ಅದನ್ನು ಕಳೆದರೆ ಪ್ಲಸ್ 9. ಎಕ್ಸ್ ಮೈನಸ್ 2ರ ವರ್ಗಕ್ಕೆ 9 ಕೂಡಿಸಿ. ಉತ್ತರ ಎಕ್ಸ್ ಸ್ಕ್ವೇರ್ ಮೈನಸ್ 4 ಎಕ್ಸ್ ಪ್ಲಸ್ 13. ಐ ಮಾಯ!

ಉತ್ತರಕ್ಕೆ ಮೊದಲಿನ ರೂಪವನ್ನು, ಅಂದರೆ ಎಕ್ಸ್ ಮೈನಸ್ 2ರ ವರ್ಗ ಪ್ಲಸ್ 9 ಅನ್ನು, ಇನ್ನೊಮ್ಮೆ ನೋಡಿ. ವಾಸ್ತವ ಸಂಖ್ಯೆಯ, ಅಂದರೆ ಐ ಇಲ್ಲದ ಸಾಮಾನ್ಯ ಸಂಖ್ಯೆಯ, ವರ್ಗ ಸೊನ್ನೆಗಿಂತ ಕಡಿಮೆಯಾಗದು. ಅದಕ್ಕೆ 9 ಸೇರಿದರೆ ಮೊತ್ತ 9ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ವಾಸ್ತವ ಮೂಲ ಸಿಗಲಿಲ್ಲ, ಐ ಬೇಕಾಯಿತು. ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಜಾಗ ಇದು.

ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ನಮ್ಮ ಗಣಿತಜ್ಞ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಬರೆದಿದ್ದರು: ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲ ಇಲ್ಲ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇವತ್ತಿಗೂ ನಿಜ. 1545ರಲ್ಲಿ ಇಟಲಿಯ ಗಣಿತಜ್ಞ ಕಾರ್ಡಾನೊ ಆ ಗಡಿ ದಾಟಿದರು. 10 ಅನ್ನು ಎರಡು ಭಾಗ ಮಾಡಬೇಕು, ಗುಣಿಸಿದರೆ 40 ಬರಬೇಕು. 5ಕ್ಕೆ ಮೈನಸ್ 15ರ ವರ್ಗಮೂಲ ಕೂಡಿಸಿದ್ದು ಒಂದು ಭಾಗ, 5ರಿಂದ ಅದನ್ನೇ ಕಳೆದದ್ದು ಇನ್ನೊಂದು. ಗುಣಿಸಿದರೆ 25 ಪ್ಲಸ್ 15, ಸರಿಯಾಗಿ 40. ನಾವು ಈಗ ಮಾಡಿದ್ದೂ ಇದನ್ನೇ. ಕಾರ್ಡಾನೊಗೆ ಇದರಿಂದ ಉಪಯೋಗವಿದೆ ಅನ್ನಿಸಲಿಲ್ಲ. 1572ರಲ್ಲಿ ಇಟಲಿಯವರೇ ಆದ ಬೊಂಬೆಲ್ಲಿ ಇಂಥ ಸಂಖ್ಯೆಗಳ ಗುಣಾಕಾರಕ್ಕೆ ನಿಯಮ ಬರೆದಿಟ್ಟರು.

ಐ ಯಾವಾಗಲೂ ಮಾಯವಾಗುತ್ತದೆ ಅಂದುಕೊಳ್ಳಬೇಡಿ. ಎಕ್ಸ್ ಮೈನಸ್ 2 ಐ ಮತ್ತು ಎಕ್ಸ್ ಮೈನಸ್ 3 ಐ ಗುಣಿಸಿ. ಎಕ್ಸ್ ಸ್ಕ್ವೇರ್ ಮೈನಸ್ 5 ಐ ಎಕ್ಸ್ ಮೈನಸ್ 6 ಬರುತ್ತದೆ. ಐ ಉಳಿಯಿತು, ಆದರೂ ಲೆಕ್ಕ ಸರಿ. ಇವೆರಡು ಜೋಡಿಯಲ್ಲ, ಅಷ್ಟೇ. ಸಹಗುಣಕಗಳು, ಅಂದರೆ ಬಹುಪದೋಕ್ತಿಯಲ್ಲಿ ಎಕ್ಸ್ ಜೊತೆಗಿರುವ ಮತ್ತು ಬಿಡಿಯಾಗಿರುವ ಸಂಖ್ಯೆಗಳು, ಎಲ್ಲ ವಾಸ್ತವವಾಗಿದ್ದರೆ ಮಾತ್ರ ಐ ಇರುವ ಮೂಲಗಳು ಜೋಡಿಯಾಗಿಯೇ ಬರುತ್ತವೆ: 2 ಪ್ಲಸ್ 3 ಐ, 2 ಮೈನಸ್ 3 ಐ ಇದ್ದ ಹಾಗೆ, ಐ ಮುಂದಿನ ಚಿಹ್ನೆಯಷ್ಟೇ ಬೇರೆ. ಹೆಚ್ಚು ಬ್ರಾಕೆಟ್ ಇದ್ದರೆ ಮೊದಲು ಆ ಜೋಡಿಗಳನ್ನು ಗುಣಿಸಿ, ಉಳಿದದ್ದು ಆಮೇಲೆ.

ಈಗ ನಿಮ್ಮ ಸರದಿ. ಮೂಲಗಳು 1 ಪ್ಲಸ್ 2 ಐ, 1 ಮೈನಸ್ 2 ಐ, ಮತ್ತು ಮೈನಸ್ 3. ಎಕ್ಸ್ ಕ್ಯೂಬ್ ಪ್ಲಸ್ ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಪ್ಲಸ್ 15 ಬರಬೇಕು. ಬಂದ ಮೇಲೆ ಎಕ್ಸ್ ಜಾಗಕ್ಕೆ ಮೈನಸ್ 3 ಹಾಕಿ ತಾಳೆ ನೋಡಿ. ನಮಸ್ಕಾರ.