ಆಕ್ಟೋಪಸ್ ತೂಗಿದ ಆರು ವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕುಮಟಾ ಕಡೆಯವಳು. ಅಘನಾಶಿನಿ ಹೊಳೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರನ್ನು ನೋಡುತ್ತಾ ಬೆಳೆದವಳು. ಮಡಗಾಸ್ಕರ್‌ನ ಅಂಡವಾಡೋಕ ಎಂಬ ಊರಿಗೆ ಸ್ವಯಂಸೇವಕಿಯಾಗಿ ಹೋದ ಮೊದಲ ಬೆಳಿಗ್ಗೆ, ಕೈಯಲ್ಲಿ ಈಟಿ ಹಿಡಿದು ಸಾಲಾಗಿ ಸಮುದ್ರದ ಕಡೆ ನಡೆದಿದ್ದ ಹೆಂಗಸರನ್ನು ಕಂಡೆ. ಪರದೇಶಕ್ಕೆ ಬಂದಿದ್ದೇನೆ ಅಂತ ಆಗ ಅನಿಸಲೇ ಇಲ್ಲ.

ಅಂಡವಾಡೋಕ ಇರುವುದು ಆ ದ್ವೀಪದ ನೈಋತ್ಯ ಕರಾವಳಿಯಲ್ಲಿ. ಟೂಲಿಯಾರಾ ಪಟ್ಟಣದಿಂದ ಉತ್ತರಕ್ಕೆ ಮರಳಿನ ದಾರಿ. ಆಚೀಚೆ ಮುಳ್ಳುಕಾಡು, ಕೊಡದ ಹಾಗೆ ಉಬ್ಬಿದ ಬಾವೋಬಾಬ್ ಮರಗಳು. ಇಲ್ಲಿಯವರು ವೇಜೋ ಜನ. ಫರಫಾತ್ಸೆ ಅನ್ನುವ ಹಗುರ ಮರವನ್ನು ಕೊರೆದು ದೋಣಿ ಮಾಡುತ್ತಾರೆ, ಪಕ್ಕಕ್ಕೊಂದು ತೇಲುಮರ ಕಟ್ಟುತ್ತಾರೆ. ನೋಡಿದರೆ ನಮ್ಮ ಪಾತಿ ದೋಣಿಯ ನೆಂಟನೇ ಸರಿ.

ಬ್ಲೂ ವೆಂಚರ್ಸ್ ಎಂಬ ಸಮುದ್ರ ಸಂರಕ್ಷಣೆಯ ಸಂಸ್ಥೆ 2003ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ನನ್ನಂಥ ಸ್ವಯಂಸೇವಕರು ಆರು ವಾರ ಇರುತ್ತಿದ್ದೆವು. ಮೊದಲು ಮೀನುಗಳ ಹೆಸರು ಬಾಯಿಪಾಠ. ಆಮೇಲೆ ನೀರಡಿಯಲ್ಲಿ ಅಳತೆಪಟ್ಟಿ ಹಾಸಿ, ಅದರ ಉದ್ದಕ್ಕೂ ಈಜುತ್ತಾ ಮೀನು ಎಣಿಸುವುದು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ದಡದ ಕೆಲಸ, ಆಕ್ಟೋಪಸ್ ತೂಗುವುದು.

ಈ ಆಕ್ಟೋಪಸ್‌ನ ಕಥೆ ಹೇಳಲೇಬೇಕು. ಅದು ಬದುಕುವುದೇ ಒಂದು, ಒಂದೂವರೆ ವರ್ಷ. ಆದರೆ ಬೆಳೆಯುವುದು ಮಾತ್ರ ಸರಸರ. ಹೆಣ್ಣು ಬಿಲದಲ್ಲಿ ಮೊಟ್ಟೆಯಿಟ್ಟು, ಊಟ ಬಿಟ್ಟು ಕಾಯುತ್ತದೆ. ಮರಿಗಳು ಹೊರಬಂದ ಮೇಲೆ ಸಾಯುತ್ತದೆ. ಯುರೋಪಿಗೆ ಕಳಿಸುವ ವ್ಯಾಪಾರಿಗಳು ಬಂದ ಮೇಲೆ ಇಲ್ಲಿ ಹಿಡಿಯುವವರು ಹೆಚ್ಚಾದರು, ಸಿಗುವುದು ಸಣ್ಣದಾಯಿತು. ಆಗ ಊರವರು ಒಂದು ತೀರ್ಮಾನಕ್ಕೆ ಬಂದರು. 2004ರ ನವೆಂಬರಿನಿಂದ 2005ರ ಜೂನ್‌ವರೆಗೆ, ನೋಸಿ ಫಾಸಿ ಎಂಬ ಮರಳುದಿಬ್ಬದ ಸುತ್ತ ಯಾರೂ ಆಕ್ಟೋಪಸ್ ಹಿಡಿಯುವ ಹಾಗಿಲ್ಲ. ಇಡೀ ಸಮುದ್ರ ಮುಚ್ಚಲಿಲ್ಲ, ಒಂದು ಮೂಲೆ ಮಾತ್ರ. ಉಳಿದ ಕಡೆ ಒಲೆ ಉರಿಯುವಷ್ಟು ಸಿಗುತ್ತಿತ್ತು.

ನಮ್ಮಲ್ಲೂ ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ ಇದೆ, ಅಲ್ವಾ? ಅದು ಸರಕಾರದ ಆದೇಶ. ಇಲ್ಲಿ ಊರೇ ಕೂತು ಒಪ್ಪಿದ್ದು. ಊರಿನ ಕಟ್ಟುಪಾಡಿಗೆ ಅವರು ‘ದೀನಾ’ ಅನ್ನುತ್ತಾರೆ. ಮುರಿದವರಿಗೆ ದಂಡವೂ ಉಂಟು. ಅಕ್ಕಪಕ್ಕದ ಊರುಗಳೂ ಹೀಗೇ ಮಾಡತೊಡಗಿದವು. 2006ರಲ್ಲಿ ಸೇರಿ ಕಟ್ಟಿಕೊಂಡ ವ್ಯವಸ್ಥೆಗೆ ವೆಲೊಂಡ್ರಿಯಾಕೆ ಅಂತ ಹೆಸರಿಟ್ಟರು. ಸಮುದ್ರದ ಜೊತೆ ಬದುಕುವುದು ಅಂತ ಅರ್ಥ. ಎಂಟು ವರ್ಷಗಳಲ್ಲಿ ನಡೆದ 36 ಮುಚ್ಚುವಿಕೆಗಳ ಲೆಕ್ಕ ಹಾಕಿ ನೋಡಿದಾಗ, ಮತ್ತೆ ತೆರೆದ ಮೊದಲ 30 ದಿನದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಮುಚ್ಚುವ ಮುಂಚಿಗಿಂತ ಶೇ. 87ರಷ್ಟು ಹೆಚ್ಚಿತ್ತು.

ಈ ಲೆಕ್ಕ ಬಂದದ್ದು ತಕ್ಕಡಿಯಿಂದ. ದಿನ ದಿನವೂ ಬೇಸರವಿಲ್ಲದೆ ತೂಗಿ ಬರೆದದ್ದರಿಂದ.

ಇದಕ್ಕೂ ಮುಂಚೆ ಬೇರೊಂದು ದೇಶಕ್ಕೆ ಹೋಗಿದ್ದೆ. ಹೆಸರು ಬೇಡ. ಎರಡು ವಾರ ಹವಳದ ತುಣುಕು ನೆಟ್ಟೆವು, ಫೋಟೋ ತೆಗೆಸಿಕೊಂಡೆವು. ಆ ಊರಿನ ಒಬ್ಬ ಮೀನುಗಾರನೂ ನಮ್ಮ ಜೊತೆ ಇರಲಿಲ್ಲ. ಯಾಕೆ ಇಲ್ಲ ಅಂತ ನಾನೂ ಕೇಳಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಇಂಥ ಕೆಲಸಕ್ಕೆ ಹೊರಡುವ ಎಳೆಯರಿಗೆ ನಾನು ಹೇಳುವುದು ಇಷ್ಟೇ: ಸಮುದ್ರ ಮುಚ್ಚುವುದೋ ತೆರೆಯುವುದೋ ಅಂತ ಅಲ್ಲಿ ಯಾರು ತೀರ್ಮಾನಿಸುತ್ತಾರೆ, ಮೊದಲು ಕೇಳಿಕೊಳ್ಳಿ. ಊರವರು ಅಂತಾದರೆ ಹೋಗಿ, ತಕ್ಕಡಿ ಹಿಡಿದು ನಿಲ್ಲಿ.

ನಾನಿದ್ದಾಗ ಒಂದು ಜಾಗ ತೆರೆಯುವ ದಿನ ಬಂತು. ಅಮಾವಾಸ್ಯೆಯ ದೊಡ್ಡ ಇಳಿತ. ಹವಳದ ದಿಬ್ಬ ನೀರಿನಿಂದ ಮೇಲೆದ್ದು ನಿಂತಿತ್ತು. ಹಿರಿಯರು ಪ್ರಾರ್ಥನೆ ಮುಗಿಸಿದ್ದೇ ತಡ, ಇನ್ನೂರು ಕಾಲುಗಳು ಒಮ್ಮೆಗೇ ನೀರಿಗಿಳಿದ ಸದ್ದು. ಬಿಸಿಲಿಗೆ ಬಿರಿಯದಿರಲಿ ಅಂತ ಹೆಂಗಸರು ಮುಖಕ್ಕೆಲ್ಲ ಮರದ ಹಳದಿ ಗಂಧ ಹಚ್ಚಿಕೊಂಡಿದ್ದರು. ನನ್ನ ಪಕ್ಕದ ಅಜ್ಜಿ ಒಂದು ಬಿಲದ ಮುಂದೆ ನಿಂತರು. ಬಿಲದ ಬಾಯಲ್ಲಿ ಚಿಪ್ಪು, ಸಣ್ಣ ಕಲ್ಲು ಗುಡ್ಡೆ ಬಿದ್ದಿತ್ತು. ನಾನಾದರೆ ಅದನ್ನು ತುಳಿದೇ ದಾಟುತ್ತಿದ್ದೆ. ಅವರು ಈಟಿ ಇಳಿಸಿದರು, ತಿರುವಿದರು, ಎಳೆದರು. ಕಂದು ಬಣ್ಣದ್ದು ಕಣ್ಣೆದುರೇ ಬೆಳ್ಳಗಾಯಿತು. ತಕ್ಕಡಿಯ ಕೊಕ್ಕೆಗೆ ಸಿಕ್ಕಿಸುವಾಗ ಅದರ ಒಂದು ತೋಳು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಬಿಡಿಸಿದಾಗ ಸಾಲು ಸಾಲು ಗುಂಡು ಗುರುತು.

ಎರಡು ಕಿಲೋ ನಾನೂರು ಗ್ರಾಂ.

ಅಜ್ಜಿ ಮುಳ್ಳನ್ನೇ ನೋಡಿದರು. ಇನ್ನೊಮ್ಮೆ ಓದು ಅಂತ ಕೈಸನ್ನೆ ಮಾಡಿದರು. ಗಟ್ಟಿಯಾಗಿ ಓದಿದೆ. ಪುಸ್ತಕದಲ್ಲಿ ಬರೆದೆನೋ ಇಲ್ಲವೋ ಅಂತ ಬಗ್ಗಿ ನೋಡಿ, ಈಟಿ ಎತ್ತಿಕೊಂಡು ಮತ್ತೆ ದಿಬ್ಬದ ಕಡೆ ನಡೆದರು. ಭರತ ಏರಲು ಇನ್ನೂ ಹೊತ್ತಿತ್ತು.