ಕಂಪ್ಯೂಟರ್ ಸೈನ್ಸ್ ಸೀಟಿಗೆ ಎಷ್ಟು ದುಡ್ಡು ಹಾಕಬಹುದು?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ಅದರಲ್ಲೂ ಮಕ್ಕಳಿಗಿಂತ ಅಪ್ಪ-ಅಮ್ಮಂದಿರೇ ಜಾಸ್ತಿ. ಹಾಗಾಗಿ ನೇರವಾಗಿ ದುಡ್ಡಿನ ಮಾತಿಗೇ ಬರುತ್ತೇನೆ.

ಸಿಇಟಿ ಫಲಿತಾಂಶ ಬಂದ ಮೇಲೆ ನಮ್ಮ ಕೊಡಗಿನ ಮನೆಗಳಲ್ಲಿ ಒಂದೇ ಮಾತು. ರ‍್ಯಾಂಕ್ ಸಾಲದಿದ್ದರೂ ಪರವಾಗಿಲ್ಲ, ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟ್ ತಗೊಂಡು ಸಿಎಸ್ ಮಾಡಿಸೋಣ ಅಂತ. ಸರಿ, ಮಾಡಿಸೋಣ. ಆದರೆ ಮೊದಲು ಲೆಕ್ಕ ನೋಡೋಣ.

ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಫೀಸು ವರ್ಷಕ್ಕೆ ಐವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ಲಕ್ಷದ ಮೇಲೆ ಸ್ವಲ್ಪ. ಖಾಸಗಿ ಕಾಲೇಜುಗಳ ಒಕ್ಕೂಟವೇ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟಾದರೆ ಅದರ ಎರಡು-ಮೂರು ಪಟ್ಟು. ಮ್ಯಾನೇಜ್‌ಮೆಂಟ್ ಸೀಟಿಗೆ ಬೆಂಗಳೂರಿನ ಹೆಸರಾದ ಕಾಲೇಜುಗಳಲ್ಲಿ ನಾಲ್ಕು ವರ್ಷಕ್ಕೆ 20 ಲಕ್ಷ ದಾಟುವುದು ಈಗ ಯಾರಿಗೂ ಆಶ್ಚರ್ಯವೇ ಅಲ್ಲ. ಪಿಜಿ, ಊಟ, ಲ್ಯಾಪ್‌ಟಾಪ್, ದಸರೆಗೂ ಹುತ್ತರಿಗೂ ಊರಿಗೆ ಬಂದುಹೋಗುವ ಬಸ್ ಚಾರ್ಜು ಬೇರೆ.

ಇನ್ನು ಬರುವ ಸಂಬಳ. ಸಾವಿರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡ ಐಟಿ ಸರ್ವಿಸ್ ಕಂಪನಿಗಳು ಹೊಸಬರಿಗೆ ಕೊಡುವುದು ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ. ಹತ್ತು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಇಷ್ಟೇ ಇತ್ತು, ಬೆಂಗಳೂರಿನ ಬಾಡಿಗೆ ಮಾತ್ರ ಅಲ್ಲಿ ನಿಂತಿಲ್ಲ! ಕೈಗೆ ಸಿಗುವುದು ತಿಂಗಳಿಗೆ 25 ಸಾವಿರದ ಹತ್ತಿರ. 20 ಲಕ್ಷ ಸಾಲ, ಶೇ. 10 ಬಡ್ಡಿ, ಹತ್ತು ವರ್ಷದ ಅವಧಿ ಅಂತ ಇಟ್ಟುಕೊಂಡರೆ ಕಂತು ತಿಂಗಳಿಗೆ 26,400 ರೂಪಾಯಿ. ಅಂದರೆ ಸಂಬಳ ಪೂರ್ತಿ ಬ್ಯಾಂಕಿಗೆ ಕೊಟ್ಟು, ಊಟಕ್ಕೆ ಮತ್ತೆ ಅಪ್ಪನಿಗೇ ಫೋನು. ಅದೇ 5 ಲಕ್ಷದ ಸಾಲವಾದರೆ ಕಂತು 6,600. ಓದುವಾಗ ಕಂತು ಕಟ್ಟಬೇಕಿಲ್ಲ ನಿಜ, ಆದರೆ ಬಡ್ಡಿ ಮೊದಲ ದಿನದಿಂದಲೇ ಏರುತ್ತಿರುತ್ತದೆ.

ಅಡಮಾನದ ವಿಷಯ ಇನ್ನೂ ಗಂಭೀರ. ಏಳೂವರೆ ಲಕ್ಷದವರೆಗೆ ಕೇಂದ್ರ ಸರ್ಕಾರದ ಗ್ಯಾರಂಟಿ ಯೋಜನೆ ಇದೆ, ಅದರಲ್ಲಿ ಆಸ್ತಿ ಪತ್ರ ಇಡಬೇಕಿಲ್ಲ. ಅದನ್ನು ದಾಟಿದರೆ ಸಾಮಾನ್ಯವಾಗಿ ಬ್ಯಾಂಕು ಜಾಗ ಕೇಳುತ್ತದೆ. ಜಮ್ಮಾ ಜಾಗ, ಅಂದರೆ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ ಇರುವವರಿಗೆ ಇದರ ಕಷ್ಟ ಗೊತ್ತು, ಆರ್‌ಟಿಸಿಯಲ್ಲಿ ಇಡೀ ಒಕ್ಕದವರ, ಅಂದರೆ ಮನೆತನದ ಎಲ್ಲರ ಹೆಸರಿರುತ್ತದೆ, ದೊಡ್ಡಪ್ಪನ ಮಗ ಮುಂಬೈಯಲ್ಲಿ, ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ, ಸಹಿ ಯಾರು ಹಾಕುತ್ತಾರೆ? ಆಗ ಎಷ್ಟೋ ಜನ ಹೊರಗಿನ ಬಡ್ಡಿಗೆ ಕೈ ಹಾಕುತ್ತಾರೆ, ಇಲ್ಲವೇ ತೋಟದ ಒಂದು ತುಂಡು ಮಾರುತ್ತಾರೆ. ಕಾಫಿ ರೇಟು ಚೆನ್ನಾಗಿದ್ದ ವರ್ಷ ಇದೆಲ್ಲ ಸುಲಭ ಅನಿಸುತ್ತದೆ. ಫೀಸು ಮಾತ್ರ ನಾಲ್ಕು ವರ್ಷ ಕಟ್ಟಬೇಕು, ರೇಟು ನಾಲ್ಕು ವರ್ಷ ಹಾಗೇ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

"ಹಾಗಾದರೆ ಸಿಎಸ್ ಬೇಡವಾ?" ಬೇಕು. ಚೆನ್ನಾಗಿ ಕಲಿತವರಿಗೆ ಮೂರು-ನಾಲ್ಕು ವರ್ಷದ ಅನುಭವ ಆದ ಮೇಲೆ ಸಂಬಳ ಏರುವ ವೇಗ ಬೇರೆ ಡಿಗ್ರಿಗಳಲ್ಲಿ ಕಷ್ಟ. ನಾನು ಬೇಡ ಅನ್ನುತ್ತಿರುವುದು ಸಿಎಸ್ ಅನ್ನುವ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು. ಆ ಮೂರೂವರೆ ಲಕ್ಷದ ಕೆಲಸಕ್ಕೆ ದೊಡ್ಡ ಕಂಪನಿಗಳು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್‌ನವರನ್ನೂ ತೆಗೆದುಕೊಳ್ಳುತ್ತವೆ, ಶೇ. 60 ಅಂಕ ಮತ್ತು ಅವರ ಪರೀಕ್ಷೆ ಪಾಸಾದರೆ ಸಾಕು. ಜಾಸ್ತಿ ಕೊಡುವ ಕಂಪನಿಗಳು ಕೂರಿಸಿ ಕೋಡ್ ಬರೆಸುತ್ತವೆ. ಅಲ್ಲಿ ಅಪ್ಪ ಎಷ್ಟು ಕೊಟ್ಟು ಸೀಟ್ ತಗೊಂಡರು ಅಂತ ಯಾರೂ ಕೇಳುವುದಿಲ್ಲ.

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಕುಶಾಲನಗರದಲ್ಲಿ ಸರ್ಕಾರಿ ಕಾಲೇಜೇ ಇದೆ. ಎರಡರ ಡಿಗ್ರಿಯೂ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ. ಕಂಪನಿಗಳು ಇಲ್ಲಿಗೆ ಕಡಿಮೆ ಬರುತ್ತವೆ, ಒಪ್ಪುತ್ತೇನೆ, ಮಕ್ಕಳೇ ಹೊರಗೆ ಹೋಗಿ ಹುಡುಕಬೇಕು. ಆದರೆ ಉಳಿಯುವ ಹತ್ತು-ಹದಿನೈದು ಲಕ್ಷದ ಎದುರು ಆ ಓಡಾಟ ದೊಡ್ಡದಲ್ಲ. ಬಿಸಿಎ ಮಾಡಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಎಂಟೆಕ್‌ ಅನ್ನು ವಿಪ್ರೋ ತನ್ನ ಖರ್ಚಿನಲ್ಲೇ ಓದಿಸುವ ಯೋಜನೆಯೂ ಇದೆ. ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್ ಆನ್‌ಲೈನಲ್ಲಿದೆ, ಐಐಟಿ ಪ್ರವೇಶ ಪರೀಕ್ಷೆ ಜೆಇಇ ಬೇಕಿಲ್ಲ. ನಮ್ಮ ಮಳೆಗಾಲದ ಕರೆಂಟು, ನೆಟ್‌ವರ್ಕ್ ಕೈಕೊಡದಿದ್ದರೆ ಅಷ್ಟೇ!

ಇನ್ನೊಂದು, ಇದನ್ನು ಬರೆದುಕೊಳ್ಳಿ. ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ. ಮನೆಯ ವರ್ಷದ ಆದಾಯ 8 ಲಕ್ಷದೊಳಗಿದ್ದರೆ, ಸಿಇಟಿ ಮೂಲಕವೇ ಶೇ. 5 ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕ ಮಾಫಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಓದುತ್ತಿರುವ ಮಕ್ಕಳಿಗೆ ಇದನ್ನು ಯಾರೂ ಹೇಳುವುದೇ ಇಲ್ಲ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಹೋರ್ಡಿಂಗ್‌ನಲ್ಲಿ 40 ಲಕ್ಷದ ಪ್ಯಾಕೇಜ್ ನೋಡಿ ಮರುಳಾಗಬೇಡಿ. ಅದು ಒಬ್ಬನದು. ಮಧ್ಯದಲ್ಲಿ ನಿಂತ ಹುಡುಗನಿಗೆ ಎಷ್ಟು ಸಿಕ್ಕಿತು ಅಂತ ಕೇಳಿ. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಈ ಮಧ್ಯದ ಸಂಬಳವೂ, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವುದೂ ಇರುತ್ತದೆ. ಒಬ್ಬನಿಗೆ ಎರಡು ಆಫರ್ ಸಿಕ್ಕರೆ ಅದನ್ನು ಎರಡು ಅಂತ ಎಣಿಸಿದ್ದಾರಾ, ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಎಷ್ಟು ವರ್ಷದ್ದು, ಪ್ಯಾಕೇಜಿನಲ್ಲಿ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲ ಸೇರಿಸಿದ್ದಾರಾ, ಇವನ್ನೂ ಕೇಳಿ. ಉತ್ತರ ಕೊಡಲು ತಡಬಡಿಸುವ ಕಾಲೇಜಿಗೆ ಅಡ್ವಾನ್ಸ್ ಕಟ್ಟಬೇಡಿ.

ಎಐ ಬಂದು ಕೆಲಸವೇ ಹೋಗುತ್ತದಲ್ವಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಸುಲಭದ ಕೋಡ್ ಬರೆಯುವ ಕೆಲಸ ಕಡಿಮೆ ಆಗುತ್ತಿದೆ, ಹೊಸಬರಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಸಾಲ ಸಣ್ಣದಾಗಿರಲಿ ಅನ್ನುವುದಕ್ಕೆ ಅದೂ ಒಂದು ಕಾರಣ. ಕೆಲಸ ಸಿಗುವುದು ಆರು ತಿಂಗಳು ತಡವಾದರೂ ಮನೆ ತಡೆದುಕೊಳ್ಳಬೇಕು.

ಆಪ್ಷನ್ ಎಂಟ್ರಿಗೆ, ಅಂದರೆ ಸಿಇಟಿ ಸೀಟಿಗೆ ಕಾಲೇಜು-ಕೋರ್ಸುಗಳನ್ನು ಆದ್ಯತೆಯಂತೆ ತುಂಬುವುದಕ್ಕೆ, ಪಟ್ಟಿ ಬರೆದುಕೊಂಡು ಬಂದವರು ಮುಂದೆ ಬನ್ನಿ, ಒಂದೊಂದೇ ನೋಡೋಣ.